ಎರಡು ಹಳೇ ಟರ್ಕಿ ಕತ್ತಿ ಕೈಗೆ ಬಂದಿವೆ. ಉಜ್ಜುವ ಮೊದಲು ಇವು ಎಲ್ಲಿಯವು, ಯಾವ ಕಾಲದವು ಅಂತ ಪತ್ತೆ ಮಾಡೋದು ಹೇಗೆ?

ರೈನ್‌ದಡದ ಗೌಡ
ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ. ಕೆಲಸ ಕಂಪ್ಯೂಟರ್ ಮುಂದೆ, ಹುಚ್ಚು ಹಳೇ ಕಬ್ಬಿಣದ್ದು. ಬೀಗ, ಕೊಡಲಿ, ತಕ್ಕಡಿ, ತುಕ್ಕು ಹಿಡಿದದ್ದು ಏನು ಸಿಕ್ಕಿದರೂ ತಂದು ನೆಲಮಾಳಿಗೆಯಲ್ಲಿ ಕೂತು ಸರಿ ಮಾಡುತ್ತೇನೆ. ಇದು ಗೊತ್ತಾಗಿ ಮೇಲಿನ ಮನೆಯ ಟರ್ಕಿ ಯಜಮಾನರು ಹೋದ ವಾರ ಕಂಬಳಿಯಲ್ಲಿ ಸುತ್ತಿದ ಎರಡು ಕತ್ತಿ ತಂದು ಕೊಟ್ಟರು. ಅವರ ತಾತ 1960ರ ದಶಕದಲ್ಲಿ ಇಲ್ಲಿಗೆ ಕೂಲಿಗೆ ಬಂದವರು. ಕತ್ತಿಗಳು ಆಮೇಲೆ ಊರಿಂದ ಬಂದವಂತೆ. "ನಮ್ಮ ಮುತ್ತಜ್ಜನ ಅಜ್ಜ ಜಾನಿಸರಿ ಸೈನಿಕ, ಇದು ಅವನ ಕತ್ತಿ" ಅನ್ನೋದು ಮನೆಮಾತು. ಜಾನಿಸರಿ ಅಂದರೆ ಟರ್ಕಿ ಸುಲ್ತಾನರ ಹಳೇ ಖಾಸಾ ಪಡೆ.

ಒಂದನೆಯದು: ಅಲಗು 58 ಸೆಂಟಿಮೀಟರ್, ಕೈಗೆ ಅಡ್ಡಪಟ್ಟಿ ಇಲ್ಲ, ಹಿಡಿಯ ತುದಿಯಲ್ಲಿ ಎರಡು ದೊಡ್ಡ ಕಿವಿ. ಅಲಗು ಒಳಮುಖವಾಗಿ ಬಾಗಿದೆ. ಹಿಡಿಯಲ್ಲಿ ಬೆಳ್ಳಿ ಪಟ್ಟಿ, ಅದರಲ್ಲಿ ಕೆಂಪು ಮಣಿಗಳು. ಅಲಗಿನ ಮೇಲೆ ಬೆಳ್ಳಿಯಲ್ಲಿ ಎರಡು ಕಡೆ ಬರಹ.
ಎರಡನೆಯದು: ಉದ್ದ, ಹೊರಮುಖವಾಗಿ ಬಾಗಿದ್ದು, ಅಡ್ಡಪಟ್ಟಿ ಇದೆ, ಹಿಡಿ ಪಿಸ್ತೂಲಿನ ಹಾಗೆ. ಅಲಗಿನ ಮೇಲಿನ ಬೆಳ್ಳಿ ಬಣ್ಣದ ಲೇಪ ಸಿಪ್ಪೆ ಏಳುತ್ತಿದೆ.

ಇವನ್ನು ಹೊಳೆಯುವಂತೆ ಮಾಡಿಕೊಡು ಅಂದಿದ್ದಾರೆ. ಮೊದಲು ಮೂಲ ತಿಳಿದುಕೊಂಡು ಆಮೇಲೆ ಕೈ ಹಾಕೋಣ ಅಂತ ನನ್ನ ಲೆಕ್ಕ. ಎಲ್ಲಿಂದ ಶುರು ಮಾಡಲಿ?

ಹಳೇಕತ್ತಿ
ಮೊದಲನೆಯದು ಯಾತಗಾನ್, ಅನುಮಾನವೇ ಇಲ್ಲ. ಕಿವಿ, ಅಡ್ಡಪಟ್ಟಿ ಇಲ್ಲದ ಹಿಡಿ, ಒಳಬಾಗಿನ ಬದಿಯಲ್ಲಿ ಬಾಯಿ. ಎರಡನೆಯದು ಕಿಲಿಜ್, ಅಂದರೆ ಟರ್ಕಿಯ ಬಾಗಿದ ಉದ್ದ ಕತ್ತಿ, ಅಂತ ಹೇಳೋಕೆ ಮುಂಚೆ ಎರಡು ವಿಷಯ ನೋಡಿ ಹೇಳಿ. ಅಲಗಿನ ಬೆನ್ನು ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ ಇದೆಯಾ? ಮೊನೆಯ ಹತ್ತಿರ ಅಲಗು ಅಗಲವಾಗಿ, ಅಲ್ಲಿ ಬೆನ್ನಿನ ಕಡೆಯೂ ಹರಿತ ಇದೆಯಾ? ಆ ಅಗಲ ಭಾಗಕ್ಕೆ ಯೆಲ್ಮಾನ್ ಅಂತಾರೆ. ಬೀಸಿದಾಗ ತೂಕವೆಲ್ಲ ಮುಂದೆ ಬಂದು ಏಟು ಬೀಳಲಿ ಅಂತ ಹಾಗೆ ಮಾಡುತ್ತಿದ್ದರು.

ಇನ್ನೊಂದು ಮಾತು. ದಯವಿಟ್ಟು ಏನನ್ನೂ ಉಜ್ಜಬೇಡಿ.

ರೈನ್‌ದಡದ ಗೌಡ
ಅಯ್ಯೋ. ಯಾತಗಾನ್ ಹಿಡಿಯ ಬೆಳ್ಳಿ ಪಟ್ಟಿಯಲ್ಲಿ ಕಪ್ಪು ಕೊಳೆ ತುಂಬಿತ್ತು. ಒಂದು ಮೂಲೆಯಲ್ಲಿ ಟೂತ್‌ಪೇಸ್ಟ್ ಹಾಕಿ ಸ್ವಲ್ಪ ಉಜ್ಜಿದೆ. ಹೆಬ್ಬೆರಳ ಉಗುರಿನಷ್ಟು ಜಾಗ, ಅಷ್ಟೇ.

ಹಳೇಕತ್ತಿ
ಆ ಕಪ್ಪು ಗೆರೆಗಳು ಬಳ್ಳಿ, ಎಲೆ ಥರ ಇದ್ದವಾ? ಅಂದರೆ ಬೆಳ್ಳಿಯಲ್ಲಿ ಕೊರೆದ ಚಿತ್ರದೊಳಗೆ ಮಾತ್ರ ಕಪ್ಪು, ಸುತ್ತ ಬಿಳಿ?

ರೈನ್‌ದಡದ ಗೌಡ
ಹೌದು.

ಹಳೇಕತ್ತಿ
ಅದು ಕೊಳೆ ಅಲ್ಲ ಸಾರ್. ಅದೇ ಕೆಲಸ. ಟರ್ಕಿಯಲ್ಲಿ ಸವಾತ್ ಅಂತಾರೆ. ಬೆಳ್ಳಿ, ತಾಮ್ರ, ಸೀಸ, ಗಂಧಕ ಸೇರಿಸಿ ಕರಗಿಸಿ, ಪುಡಿ ಮಾಡಿ, ಕೊರೆದ ಗೆರೆಯಲ್ಲಿ ತುಂಬಿ ಕಾಯಿಸುತ್ತಾರೆ. ಕಪ್ಪಾಗಿ ಕೂರುತ್ತದೆ. ನೀವು ಉಜ್ಜಿ ತೆಗೆದಿದ್ದು ಆ ಅಕ್ಕಸಾಲಿಗನ ಕೈಬರಹ.

ಮೈಸೂರು ಪಾಕ
😬😬

ರೈನ್‌ದಡದ ಗೌಡ
ರಾತ್ರಿ ನಿದ್ದೆ ಬರಲ್ಲ ಇವತ್ತು.

ಮೈಸೂರು ಪಾಕ
ಬೇಜಾರು ಮಾಡ್ಕೋಬೇಡಿ ಅಣ್ಣಾ, ನಮ್ಮ ಮನೆ ಕಥೆ ಕೇಳಿದರೆ ನಿಮ್ಮದು ಏನೂ ಅಲ್ಲ ಅನಿಸುತ್ತದೆ. ನಮ್ಮ ಅಜ್ಜನ ಮನೆಯಲ್ಲಿ ಒಂದು ಹಳೇ ಕತ್ತಿ ಇತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬರೋದು. ಅಜ್ಜಿ ಹುಣಸೆಹಣ್ಣು ಬೂದಿ ಹಾಕಿ ತಿಕ್ಕೋರು, ಅದೇ ಕೈಯಲ್ಲಿ ದೀಪದ ಕಂಬ, ಅದೇ ಕೈಯಲ್ಲಿ ಕತ್ತಿ. ಆಮೇಲೆ ನಿಂಬೆಹಣ್ಣು ಹೆಚ್ಚಿ ಕುಂಕುಮ ಹಚ್ಚಿ ಹಾಗೇ ಒರೆಗೆ ತುರುಕೋರು. ಹುಳಿ ಒಳಗೇ ಕೂತು ಒಂದು ವರ್ಷ ತನ್ನ ಕೆಲಸ ಮಾಡೋದು. ಆದರೂ ಹಿಡಿಯ ಹತ್ತಿರ ಚಿನ್ನದ ಬಣ್ಣದಲ್ಲಿ ಎರಡು ಸಾಲು ಬರಹ ಮಾತ್ರ ಉಳಿದಿತ್ತು.

ಒಂದು ದಸರಾಗೆ ಮಾವ ಉತ್ಸಾಹದಲ್ಲಿ ಯಾವುದೋ ಪಾಲಿಶ್ ಅಂಗಡಿಗೆ ಒಯ್ದು ಮಿಷನ್ನಿಗೆ ಕೊಟ್ಟರು. ಕನ್ನಡಿ ಹಾಗೆ ಹೊಳೆಯೋ ಕತ್ತಿ ವಾಪಸ್ ಬಂತು. ಅಕ್ಷರ ಒಂದೂ ಇಲ್ಲ. ಅದರಲ್ಲಿ ಏನು ಬರೆದಿತ್ತು ಅಂತ ಯಾರೂ ಫೋಟೋ ತೆಗೆದಿಟ್ಟಿರಲಿಲ್ಲ. ಈಗ ಅದು ಬರೀ ಕತ್ತಿ.

ಹಳೇಕತ್ತಿ
ಮೇಡಂ ಹೇಳಿದ್ದು ನೂರಕ್ಕೆ ನೂರು. ಎಷ್ಟೋ ಕತ್ತಿಗಳಲ್ಲಿ ಆ ಚಿನ್ನ ಒಳಗೆ ಕೂರಿಸಿದ್ದಲ್ಲ. ಉಕ್ಕಿನ ಮೇಲೆ ಅಡ್ಡ ಉದ್ದ ಸಣ್ಣ ಗೀರು ಹಾಕಿ ಅದರ ಮೇಲೆ ಚಿನ್ನದ ರೇಕು ಒತ್ತುತ್ತಾರೆ, ಅಷ್ಟೇ. ನಮ್ಮಲ್ಲಿ ಕೊಫ್ತ್‌ಗಾರಿ ಅನ್ನೋದು ಅದೇ. ಚಿನ್ನ ಉದುರಿದ ಮೇಲೂ ಭೂತಗನ್ನಡಿಯಲ್ಲಿ ನೋಡಿದರೆ ಕೆಳಗೆ ಚಾಪೆ ಹೆಣೆದ ಹಾಗೆ ಗೀರು ಕಾಣುತ್ತದೆ, ಅದರಿಂದ ಅಕ್ಷರದ ಆಕಾರ ಓದಬಹುದು. ಪಾಲಿಶ್ ಮಾಡಿದರೆ ಆ ಗೀರೂ ಹೋಯಿತು.

ಉಕ್ಕಿನ ಮನುಷ್ಯ
ಟರ್ಕಿ ಕತ್ತಿ ಟರ್ಕಿ ಕತ್ತಿ ಅಂತೀರಲ್ಲ, ಅದರ ಉಕ್ಕು ಎಲ್ಲಿಂದ ಹೋಯಿತು ಗೊತ್ತಾ? ನಮ್ಮ ಕರ್ನಾಟಕದಿಂದ! ಡಮಾಸ್ಕಸ್ ಉಕ್ಕು ಅನ್ನೋದೇ ನಮ್ಮದು. ಮೂಸೆಯಲ್ಲಿ ಮಾಡಿದ ನಮ್ಮ ಉಕ್ಕಿಗೆ ಇಂಗ್ಲಿಷಿನಲ್ಲಿ ಹೇಳೋ ವೂಟ್ಸ್ ಅನ್ನೋ ಪದವೇ 'ಉಕ್ಕು' ಅನ್ನೋ ಕನ್ನಡ ಪದದಿಂದ ಬಂದಿದ್ದು. ಅದರಲ್ಲಿ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಇತ್ತು ಅಂತ ಜರ್ಮನಿಯವರೇ ಒಪ್ಪಿಕೊಂಡಿದ್ದಾರೆ.

ಹಳೇಕತ್ತಿ
ಅರ್ಧ ಸರಿ, ಅರ್ಧ ಉಬ್ಬಿಸಿದ್ದು. ಉಕ್ಕು ಪದದಿಂದ ವೂಟ್ಸ್ ಬಂತು ಅನ್ನೋದನ್ನು ತುಂಬಾ ಜನ ಒಪ್ಪುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಿದ ಪ್ರಬಂಧದಲ್ಲಿ ಆ ಹೆಸರಿದೆ. ಆದರೆ ಉಕ್ಕು ಅನ್ನೋ ಮಾತು ತೆಲುಗಿನಲ್ಲೂ ಇದೆ ಸ್ವಾಮಿ, ಅವರು ಕೇಳಿಸಿಕೊಂಡರೆ ಜಗಳಕ್ಕೆ ಬರುತ್ತಾರೆ. ಪರ್ಷಿಯಾ ವ್ಯಾಪಾರಿಗಳು ತೆಲಂಗಾಣದ ಕೋನಸಮುದ್ರಂವರೆಗೂ ಬಂದು ಉಕ್ಕಿನ ಗಟ್ಟಿ ಕೊಂಡು ಹೋಗುತ್ತಿದ್ದರು. ಮೂಸೆಯಲ್ಲಿ ಉಕ್ಕು ಮಾಡೋದು ಮಧ್ಯ ಏಷ್ಯಾದಲ್ಲೂ ಗೊತ್ತಿತ್ತು, ಮರ್ವ್‌ನಲ್ಲಿ ಕುಲುಮೆಗಳೇ ಸಿಕ್ಕಿವೆ.

ಇನ್ನು ನ್ಯಾನೋಟ್ಯೂಬ್. 2006ರಲ್ಲಿ ಡ್ರೆಸ್ಡೆನ್ನಿನವರು ಪರೀಕ್ಷೆ ಮಾಡಿದ್ದು 17ನೇ ಶತಮಾನದ ಒಂದು ಕತ್ತಿಯ ತುಣುಕನ್ನು. ಅದರಿಂದ ಎಲ್ಲ ಟರ್ಕಿ ಕತ್ತಿಯಲ್ಲೂ ಇದೆ ಅಂತ ಹೇಳೋಕೆ ಆಗಲ್ಲ. ಗೌಡರ ಯಾತಗಾನ್ ವೂಟ್ಸ್ ಆಗಿರೋದು ಅನುಮಾನ. ಯಾತಗಾನ್‌ಗಳಲ್ಲಿ ಹೆಚ್ಚಿನವು ಸಾದಾ ಉಕ್ಕು, ಇಲ್ಲವೇ ಪದರ ಸೇರಿಸಿ ಬಡಿದದ್ದು.

ಉಕ್ಕಿನ ಮನುಷ್ಯ
ನಮ್ಮವರ ಸಾಧನೆ ಹೇಳಿದರೆ ನಮ್ಮವರಿಗೇ ಹೊಟ್ಟೆಕಿಚ್ಚು.

ಹಳೇಕತ್ತಿ
ಹೊಟ್ಟೆಕಿಚ್ಚಲ್ಲ ಗುರು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ ಮೈಸೂರು ಸೀಮೆ ಸುತ್ತಿದಾಗ ಮಾಗಡಿ ಕಡೆ ಉಕ್ಕು ಮಾಡೋದನ್ನು ನೋಡಿ ಬರೆದಿದ್ದಾನೆ, ಚನ್ನಪಟ್ಟಣದಲ್ಲಿ ವೀಣೆ ತಂತಿಗೆ ಉಕ್ಕಿನ ಸರಿಗೆ ಎಳೆಯೋದನ್ನೂ ಬರೆದಿದ್ದಾನೆ. ಅದು ನಿಜವಾದ ಹೆಮ್ಮೆ. ಸುಮ್ನೆ ಎಲ್ಲ ಕತ್ತಿಗೂ ನಮ್ಮ ಹೆಸರು ಅಂಟಿಸೋದು ಯಾಕೆ?

ಚನ್ನಪಟ್ಟಣದ ಹುಡುಗ
ಏನಂದ್ರಿ, ವೀಣೆ ತಂತಿ ನಮ್ಮೂರಲ್ಲಾ? ನಮಗೆ ಬರೀ ಬೊಂಬೆ ಅಂತ ಹೇಳಿಕೊಟ್ಟಿದ್ದಾರೆ!

ಇಸ್ತಾಂಬುಲ್ ಶೆಟ್ಟಿ
ಇಲ್ಲಿಗೆ ಬಂದು ಆರು ವರ್ಷ ಆಯಿತು, ಎರಡು ಮಾತು ಸೇರಿಸುತ್ತೇನೆ. ಒಂದು, ಇಲ್ಲಿ ಯಾರೂ ಯಾತಗಾನ್ ಅನ್ನಲ್ಲ. ಆ 'ಗ' ನುಂಗಿ 'ಯಾತಾಆನ್' ಅಂತಾರೆ. ಕಿಲಿಜ್ ಕೂಡ ಅಲ್ಲ, ಕೊನೆಗೆ 'ಚ್', ಕಿಲಿಚ್. ಅಂಗಡಿಯಲ್ಲಿ ತಪ್ಪಾಗಿ ಹೇಳಿದರೆ ಪ್ರವಾಸಿ ಅಂತ ಬೆಲೆ ಡಬಲ್ ಆಗುತ್ತದೆ. ದೆನಿಜ್ಲಿ ಕಡೆ ಅದೇ ಹೆಸರಿನ ಊರಿದೆ, ಈಗಲೂ ಚಾಕು ಕತ್ತಿಗೆ ಹೆಸರುವಾಸಿ.

ಎರಡು, ಇದು ಮುಖ್ಯ. ಕತ್ತಿಯನ್ನು ಇಲ್ಲಿಯ ತಜ್ಞರಿಗೆ ತೋರಿಸೋಣ ಅಂತ ಕೈಯಲ್ಲಿ ಹಿಡಿದು ಬರಬೇಡಿ. 1983ರ 2863ನೇ ಕಾನೂನಿನ ಪ್ರಕಾರ ಹಳೇ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಜರ್ಮನಿಯಿಂದಲೇ ತಂದಿದ್ದು ಅಂತ ವಿಮಾನ ನಿಲ್ದಾಣದಲ್ಲಿ ವಾದ ಮಾಡೋ ಹೊತ್ತಿಗೆ ನಿಮ್ಮ ರಜೆ ಮುಗಿದಿರುತ್ತದೆ. ಫೋಟೋ ಮಾತ್ರ ತನ್ನಿ.

ಕೊಡಗಿನ ಕಾಫಿ
ಬಾಯಿ ಒಳಬಾಗಿನ ಕಡೆ ಇರುತ್ತೆ ಅಂದಿರಲ್ಲ, ಕೇಳಿದ ಕೂಡಲೇ ನಮ್ಮ ಒಡಿಕತ್ತಿ ನೆನಪಾಯಿತು! ಅದೂ ಹಾಗೇ, ಮುಂದಕ್ಕೆ ಬಾಗಿ ಒಳಗಡೆ ಹರಿತ. ಬೆನ್ನ ಹಿಂದೆ ತೊಡಂಗ್‌ನಲ್ಲಿ ಸಿಕ್ಕಿಸಿಕೊಳ್ಳೋದು. ಮದುವೆಯಲ್ಲಿ ಬಾಳೆ ದಿಂಡು ಕಡಿಯೋದು ಅದರಲ್ಲೇ. ನಮಗೂ ಟರ್ಕಿಗೂ ಏನಾದರೂ ಸಂಬಂಧ ಇರಬಹುದಾ?

ಹಳೇಕತ್ತಿ
ಅಕ್ಕಾ, ಆ ಆಕಾರ ನೇಪಾಳದ ಖುಕುರಿಯಲ್ಲೂ ಇದೆ. ಕಡಿಯುವ ಕೆಲಸಕ್ಕೆ ಆ ಬಾಗು ಒಳ್ಳೆಯದು, ಅದಕ್ಕೇ ಬೇರೆ ಬೇರೆ ಕಡೆ ಬಂದಿರಬಹುದು. ಆಕಾರ ಒಂದೇ ಅಂತ ನೆಂಟಸ್ತನ ಕಟ್ಟೋಕೆ ಹೋದರೆ ನಮ್ಮ ಕುಡುಗೋಲೂ ಟರ್ಕಿಯದೇ ಆಗಿಬಿಡುತ್ತೆ.

ಕೊಡಗಿನ ಕಾಫಿ
ಸರಿ ಬಿಡಿ, ನೆಂಟಸ್ತನ ಬೇಡ. ನಮ್ಮ ಕತ್ತಿ ನಮಗೆ.

ಗೋಳಗುಮ್ಮಟದ ಅಕ್ಕ
ಗೌಡರೇ, ಬರಹದ ಬಗ್ಗೆ ಯಾರೂ ಕೇಳಲಿಲ್ಲವಲ್ಲ. ನಾನು ವಿಜಯಪುರದವಳು, ಉರ್ದು ಫಾರ್ಸಿ ಸ್ವಲ್ಪ ಓದುತ್ತೇನೆ. ಟರ್ಕಿಯವರು 1928ರಲ್ಲಿ ಲಿಪಿ ಬದಲಾಯಿಸಿದರು. ಅದಕ್ಕೇ ನಿಮ್ಮ ಯಜಮಾನರಿಗೆ ತಮ್ಮ ಅಜ್ಜನ ಕತ್ತಿಯ ಮೇಲಿನ ಅಕ್ಷರ ಓದೋಕೆ ಬರಲ್ಲ, ನನಗೆ ಬರಬಹುದು! ಬರಹದಲ್ಲಿ 'ಅಮಲ್' ಇದೆಯಾ, 'ಸಾಹಿಬ್' ಇದೆಯಾ ನೋಡಬೇಕು. ಅಮಲ್ ಮುಂದೆ ಇರೋದು ಮಾಡಿದವನ ಹೆಸರು, ಸಾಹಿಬ್ ಮುಂದೆ ಇರೋದು ಒಡೆಯನ ಹೆಸರು. ನಮ್ಮ ಅಮಲ್ದಾರ, ಸಾಹೇಬ ಎರಡೂ ಅದೇ ಪದಗಳೇ. ಫೋಟೋ ಹಾಕಿ. ಮೇಲಿಂದ ಬೆಳಕು ಬೇಡ. ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಹಿಡಿದು ತೆಗೆಯಿರಿ, ಸವೆದ ಅಕ್ಷರದ ಅಂಚು ಎದ್ದು ಕಾಣುತ್ತದೆ.

ರೈನ್‌ದಡದ ಗೌಡ
ಟಾರ್ಚ್ ಉಪಾಯ ಜಾದೂ ಅಕ್ಕಾ! ಬರೀ ಕಲೆ ಅಂದುಕೊಂಡಿದ್ದ ಜಾಗದಲ್ಲಿ ಒಂದು ಇಡೀ ಚೌಕಟ್ಟು ಎದ್ದು ಬಂತು. ನಾಲ್ಕು ಫೋಟೋ ಹಾಕಿದ್ದೇನೆ.

ಇಸವಿ ನಾನೇ ಓದಿದೆ! ಅಂತರ್ಜಾಲದಲ್ಲಿ ಅಂಕಿ ಪಟ್ಟಿ ನೋಡಿಕೊಂಡೆ. ಒಂದು ಗೀಟು, ಆಮೇಲೆ ಎರಡು, ಆಮೇಲೆ ಸೊನ್ನೆ, ಕೊನೆಗೆ ತಲೆಕೆಳಗಾದ 'ವಿ' ಅಂದರೆ ಎಂಟು. ಹಿಜರಿ 1208. ಲೆಕ್ಕ ಹಾಕಿದರೆ 1793-94. ಜಾನಿಸರಿ ಕಾಲವೇ! ಮೇಲೆ ಹೋಗಿ ಯಜಮಾನರಿಗೆ ಹೇಳಿ ಬಂದೆ. ಚಹಾ ಕೊಟ್ಟು, ಬಕ್ಲಾವಾ ಕೊಟ್ಟು, ಹೆಂಡತಿ ಮಕ್ಕಳನ್ನೆಲ್ಲ ಕರೆದು ನನ್ನ ಕೈಯಲ್ಲಿ ಇನ್ನೊಂದು ಸಲ ಹೇಳಿಸಿದರು.

ಗೋಳಗುಮ್ಮಟದ ಅಕ್ಕ
ಅಯ್ಯೋ ತಮ್ಮಾ, ಅವಸರ ಮಾಡಿದಿರಿ.

ಮೂರನೇ ಅಂಕಿ ದುಂಡಗಿದೆ ಅಲ್ವಾ? ಅದು ಸೊನ್ನೆ ಅಲ್ಲ. ಆ ಲಿಪಿಯಲ್ಲಿ ಸೊನ್ನೆ ಅಂದರೆ ಬರೀ ಚುಕ್ಕೆ. ದುಂಡಗೆ ಬರೆದರೆ ಐದು. ನಮ್ಮ ಕನ್ನಡ ಸೊನ್ನೆ ನೋಡಿ ಅಭ್ಯಾಸ ಆದವರು ಮೊದಲು ಎಡವೋದೇ ಇಲ್ಲಿ, ನಾನೂ ಎಡವಿದ್ದೇನೆ. ಹಾಗಾಗಿ ಅದು 1258. ಹಿಜರಿಯನ್ನು 0.97ರಿಂದ ಗುಣಿಸಿ 622 ಸೇರಿಸಿ. 1842 ಬರುತ್ತದೆ. ಸರಿಯಾಗಿ ಹೇಳಬೇಕೆಂದರೆ ಆ ವರ್ಷ 1842ರ ಫೆಬ್ರವರಿಯಲ್ಲಿ ಶುರುವಾಗಿ 1843ರ ಜನವರಿಯಲ್ಲಿ ಮುಗಿಯುತ್ತದೆ.

ಇನ್ನೊಂದು. ಬರಹ ಬಲದಿಂದ ಎಡಕ್ಕೆ ಹೋಗುತ್ತೆ, ಅಂಕಿ ಮಾತ್ರ ನಮ್ಮ ಹಾಗೆ ಎಡದಿಂದ ಬಲಕ್ಕೆ. ಅದನ್ನು ನೀವು ಸರಿಯಾಗಿಯೇ ಓದಿದ್ದೀರಿ.

ಹಳೇಕತ್ತಿ
ಅಲ್ಲಿಗೆ ಜಾನಿಸರಿ ಕಥೆ ಮುಗಿಯಿತು. ಜಾನಿಸರಿ ದಳವನ್ನು ಸುಲ್ತಾನ ಎರಡನೇ ಮಹಮೂದ್ 1826ರಲ್ಲೇ ತೋಪು ಹೊಡೆಸಿ ಮುಗಿಸಿದ. ಕತ್ತಿ ಅದಾಗಿ 16 ವರ್ಷಕ್ಕೆ ಹುಟ್ಟಿದ್ದು.

ಮೈಸೂರು ಪಾಕ
ಬಕ್ಲಾವಾ ವಾಪಸ್ ಕೊಡಬೇಕಾ ಈಗ 😂

ಚನ್ನಪಟ್ಟಣದ ಹುಡುಗ
ಮಹಮೂದ್ ತೋಪು ಹೊಡೆಸಿದ ಅಂದಿರಲ್ಲ. ತೋಪು ಅನ್ನೋದೇ ಟರ್ಕಿ ಪದ ಅಂತ ನಮ್ಮ ಮೇಷ್ಟ್ರು ಹೇಳಿದ್ದರು, ನಿಜವಾ?

ಗೋಳಗುಮ್ಮಟದ ಅಕ್ಕ
ನಿಜ. ತೋಪು, ಚಾಕು, ಬಹದ್ದೂರ, ಬೇಗಂ, ಎಲ್ಲಾ ತುರ್ಕಿ ಮಾತುಗಳ ಕಡೆಯಿಂದ ಪಾರಸಿ ಉರ್ದು ದಾಟಿ ಬಂದವು. ನಮ್ಮೂರಿನ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ಆಗ ಟರ್ಕಿ ಸೀಮೆಯವರನ್ನು ರೂಮಿ ಅಂತಲೇ ಕರೆಯುತ್ತಿದ್ದರು. ಬೇಸಿಗೆಯಲ್ಲೂ ಅದರ ಮೈ ತಣ್ಣಗಿರುತ್ತೆ ಅಂತಾರೆ.

ಉಕ್ಕಿನ ಮನುಷ್ಯ
ಟರ್ಕಿ ಅಂದ ಮೇಲೆ ಟಿಪ್ಪು ಬರಲೇಬೇಕಲ್ಲ. 1786ರಲ್ಲಿ ತದಡಿ ಬಂದರಿನಿಂದ ಅವನ ರಾಯಭಾರಿಗಳು ಇಸ್ತಾಂಬುಲ್‌ಗೆ ಹೊರಟಿದ್ದರು. ಅಂದಮೇಲೆ ಅವನ ಕತ್ತಿಯೂ

ವೇದಿಕೆ ನಿರ್ವಾಹಕ
ಟಿಪ್ಪು ಬಗ್ಗೆ ಹೋದ ತಿಂಗಳ ಚರ್ಚೆ 400 ಉತ್ತರಕ್ಕೆ ಬಂದು ಬಾಗಿಲು ಹಾಕಬೇಕಾಯಿತು. ಇಲ್ಲಿ ಕತ್ತಿ ಸಾಕು.

ಉಕ್ಕಿನ ಮನುಷ್ಯ
ನಾನು ಕತ್ತಿ ಬಗ್ಗೆಯೇ ಹೇಳ್ತಿದ್ದೆ ಸಾರ್! 2023ರಲ್ಲಿ ಲಂಡನ್ನಿನಲ್ಲಿ 14 ಮಿಲಿಯನ್ ಪೌಂಡಿಗೆ ಹೋದ ಟಿಪ್ಪು ಕತ್ತಿಯ ಅಲಗು ಜರ್ಮನ್ ಮಾದರಿಯದು ಅಂತ ಹರಾಜಿನವರೇ ಬರೆದಿದ್ದರು. ಯಾವ ದೇಶದ ಕತ್ತಿ ಅನ್ನೋದೇ ಸುಲಭದ ಪ್ರಶ್ನೆ ಅಲ್ಲ ಅಂತ ಹೇಳೋಕೆ ಹೊರಟಿದ್ದೆ.

ಹಳೇಕತ್ತಿ
ಉಕ್ಕಿನ ಮನುಷ್ಯರಿಗೆ ಈ ಒಂದು ಮಾತಿಗೆ ನನ್ನ ಓಟು. ನಿಜವಾಗಿ ಅದೇ ವಿಷಯ. ಒಂದು ಕತ್ತಿಗೆ ಒಂದು ಊರು ಅಂತ ಇರಲ್ಲ. ಅಲಗು ಒಂದು ಕಡೆಯದು, ಹಿಡಿ ಇನ್ನೊಂದು ಕಡೆಯದು, ಒರೆ 50 ವರ್ಷ ಆದಮೇಲೆ ಮತ್ತೆಲ್ಲೋ ಮಾಡಿಸಿದ್ದು. ಪರ್ಷಿಯಾದ ಒಳ್ಳೇ ಅಲಗು ಸಿಕ್ಕಿದರೆ ಇಸ್ತಾಂಬುಲ್‌ನವನು ಅದಕ್ಕೆ ತನ್ನ ಹಿಡಿ ಹಾಕಿಸಿಕೊಳ್ಳುತ್ತಿದ್ದ. ಆದ್ದರಿಂದ ಗೌಡರೇ, ಪ್ರತಿ ಭಾಗಕ್ಕೂ ಬೇರೆ ಬೇರೆ ಹಾಳೆ ಮಾಡಿ. ಅಲಗು, ಹಿಡಿ, ಪಟ್ಟಿ, ಒರೆ. ಒಂದರ ಉತ್ತರವನ್ನು ಇನ್ನೊಂದರ ಮೇಲೆ ಹೊರಿಸಬೇಡಿ.

ರೈನ್‌ದಡದ ಗೌಡ
ಸರಿ. ಮಾಡಿದವನ ಹೆಸರು ಓದೋಕೆ ಆಯಿತಾ ಅಕ್ಕಾ?

ಗೋಳಗುಮ್ಮಟದ ಅಕ್ಕ
ಅಮಲ್-ಎ ಅಹ್ಮದ್. ಇನ್ನೊಂದು ಬದಿಯಲ್ಲಿ ಸಾಹಿಬ್ ಅಂತ ಇದೆ, ಮುಂದಿನ ಹೆಸರಿನ ಮೇಲೆ ತುಕ್ಕು ಕೂತಿದೆ.

ರೈನ್‌ದಡದ ಗೌಡ
ಈಗಷ್ಟೇ ಹುಡುಕಿದೆ!! ಸುಲೇಮಾನ್ ಸುಲ್ತಾನನ ಯಾತಗಾನ್ ಮಾಡಿದವನ ಹೆಸರೂ ಅಹ್ಮದ್! ಅಹ್ಮದ್ ತೆಕೆಲು! ತೋಪ್‌ಕಾಪಿ ಅರಮನೆಯಲ್ಲಿದೆ!

ಹಳೇಕತ್ತಿ
ಆ ಕತ್ತಿಯ ಮೇಲೆ ಇರೋದು ಹಿಜರಿ 933, ಅಂದರೆ 1526-27. ನಿಮ್ಮ ಅಹ್ಮದ್ 1842. ಮಧ್ಯೆ 300 ವರ್ಷ ಇದೆ ಸಾರ್.

ಇಸ್ತಾಂಬುಲ್ ಶೆಟ್ಟಿ
ಅಹ್ಮದ್ ಅಂದರೆ ನಮ್ಮಲ್ಲಿ ಮಂಜುನಾಥ ಅಂದ ಹಾಗೆ. ನಮ್ಮ ಆಫೀಸಿನಲ್ಲೇ ಐದು ಜನ ಇದ್ದಾರೆ, ಒಬ್ಬನಿಗೂ ಚಾಕು ಹಿಡಿಯೋಕೆ ಬರಲ್ಲ.

ಹಳೇಕತ್ತಿ
ಹಿಡಿಯ ಕೆಂಪು ಮಣಿಗಳ ಬಗ್ಗೆ. ಅದು ಹವಳ ಅನಿಸುತ್ತೆ. ಭೂತಗನ್ನಡಿಯಲ್ಲಿ ನೋಡಿ, ಗಾಜಾದರೆ ಒಳಗೆ ಸಣ್ಣ ಗುಳ್ಳೆ ಕಾಣುತ್ತೆ, ಹವಳವಾದರೆ ಮರದ ನಾರಿನ ಥರ ತೆಳು ಗೆರೆ. ಹವಳ, ಸವಾತ್, ಬೆಳ್ಳಿ ಒಟ್ಟಿಗೆ ಇದ್ದರೆ ಬಾಲ್ಕನ್ ಕಡೆಯ ಕೆಲಸ ಇರೋ ಸಾಧ್ಯತೆ ಜಾಸ್ತಿ. ಬೋಸ್ನಿಯಾ, ಮಾಂಟೆನೆಗ್ರೊ ಕಡೆ. ಬೋಸ್ನಿಯಾದ ಫೋಚಾ ಯಾತಗಾನ್‌ಗೆ ಹೆಸರಾದ ಊರು. ಮನೆಯವರನ್ನು ಕೇಳಿ, ಹಿರಿಯರು ಮೊದಲು ಎಲ್ಲಿದ್ದರು ಅಂತ.

ಹಿಡಿಯ ಕಿವಿ ಯಾವುದರದು ಅನ್ನೋದನ್ನೂ ನೋಡಿ. ಮೂಳೆಯಾದರೆ ಸೂಜಿ ಚುಚ್ಚಿದ ಹಾಗೆ ಕಪ್ಪು ಚುಕ್ಕೆ ಇರುತ್ತೆ. ಆನೆದಂತವಾದರೆ ಅಡ್ಡ ಕತ್ತರಿಸಿದ ಕಡೆ ಒಂದರ ಮೇಲೊಂದು ಹಾಯ್ದ ಗೆರೆಗಳ ಜಾಲ. ಕಡಲಾನೆ (ವಾಲ್ರಸ್) ಕೋರೆಯಾದರೆ ನಡುವೆ ಗಂಜಿ ಹೆಪ್ಪುಗಟ್ಟಿದ ಹಾಗೆ ಕಾಣುತ್ತೆ. ಯಾರೋ ಕೆಂಪಗೆ ಕಾಸಿದ ಸೂಜಿ ಚುಚ್ಚಿ ನೋಡು ಅಂತ ಹೇಳುತ್ತಾರೆ, ಅವರ ಮಾತು ಕೇಳಬೇಡಿ.

ರೈನ್‌ದಡದ ಗೌಡ
ಚುಕ್ಕೆ ಇವೆ. ಮೂಳೆ. ಮಣಿಯಲ್ಲಿ ಗುಳ್ಳೆ ಇಲ್ಲ, ತೆಳು ಗೆರೆ ಇದೆ.

ಯಜಮಾನರ ತಾಯಿಗೆ 86 ವರ್ಷ. ಅವರನ್ನು ಕೇಳಿದೆವು. "ನಾವು ಬೋಸ್ನಾದಿಂದ ಬಂದವರು, ಆಸ್ಟ್ರಿಯಾದವರು ಬಂದಾಗ ಬಿಟ್ಟು ಬಂದೆವು ಅಂತ ನಮ್ಮಜ್ಜಿ ಹೇಳುತ್ತಿದ್ದರು" ಅಂದರು. ಮಗನಿಗೇ ಇದು ಗೊತ್ತಿರಲಿಲ್ಲ! ಊರಿನ ಹೆಸರು ಅವರಿಗೂ ನೆನಪಿಲ್ಲ.

ಹಳೇಕತ್ತಿ
ಆಸ್ಟ್ರಿಯಾದವರು ಬೋಸ್ನಿಯಾ ಹಿಡಿದದ್ದು 1878ರಲ್ಲಿ. ಆಗ ಸಾವಿರಾರು ಮುಸ್ಲಿಂ ಕುಟುಂಬಗಳು ಟರ್ಕಿ ಕಡೆ ಬಂದವು. ಅಲಗು 1842, ಅಲಂಕಾರ ಬಾಲ್ಕನ್ ಥರ, ಅಜ್ಜಿಯ ಮಾತು 1878. ಮೂರೂ ಒಂದಕ್ಕೊಂದು ಹೊಂದುತ್ತವೆ. ಫೋಚಾ ಅಂತ ಬರೆಯೋಕೆ ಮಾತ್ರ ಹೋಗಬೇಡಿ. "ಬಾಲ್ಕನ್, ಬೋಸ್ನಿಯಾ ಇರಬಹುದು" ಅಂತ ಬರೆದು ನಿಲ್ಲಿಸಿ.

ಕೊಡಗಿನ ಕಾಫಿ
ಆ ಅಜ್ಜಿ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ ಮೊದಲು. ಕತ್ತಿ ಎಲ್ಲೂ ಹೋಗಲ್ಲ.

ಇಸ್ತಾಂಬುಲ್ ಶೆಟ್ಟಿ
ಒರೆಯ ಬೆಳ್ಳಿಯ ಮೇಲೆ ಸಣ್ಣ ಮುದ್ರೆ ಇದೆಯಾ ನೋಡಿ. ಅಕ್ಕಿ ಕಾಳಿನಷ್ಟು ಇರುತ್ತೆ. ಸುಲ್ತಾನನ ತುಘ್ರಾ (ಅವನ ಹೆಸರನ್ನು ಚಿತ್ರದ ಹಾಗೆ ಬರೆದ ರುಜು), ಪಕ್ಕದಲ್ಲಿ 'ಸಹ್' ಅನ್ನೋ ಇನ್ನೊಂದು ಮುದ್ರೆ, ಬೆಳ್ಳಿ ಸಾಚಾ ಅಂತ. ತುಘ್ರಾ ಯಾವ ಸುಲ್ತಾನನದು ಗೊತ್ತಾದರೆ ಒರೆಯ ಕಾಲ ಗೊತ್ತಾಯಿತು. ಎರಡನೇ ಮಹಮೂದನದಾದರೆ ಬಲಕ್ಕೆ 'ಅದ್ಲಿ', ಎರಡನೇ ಅಬ್ದುಲ್ ಹಮೀದನದಾದರೆ 'ಅಲ್ ಗಾಜಿ'.

ರೈನ್‌ದಡದ ಗೌಡ
ಒರೆಯ ಬಾಯಿಯ ಹತ್ತಿರ ಇದೆ. ಸವೆದಿದೆ. ಫೋಟೋ ಹಾಕಿದೆ.

ಗೋಳಗುಮ್ಮಟದ ಅಕ್ಕ
ಬಲಗಡೆ ಏನೋ ಇದೆ, 'ಗಾಜಿ'ಯ ಬಾಲದ ಹಾಗೆ ಕಾಣುತ್ತೆ. ಹಾಗಿದ್ದರೆ 1876ರಿಂದ 1909ರ ನಡುವೆ. ಅಂದರೆ ಕತ್ತಿ ಬೋಸ್ನಿಯಾದಿಂದ ಬಂದಮೇಲೆ ಟರ್ಕಿಯಲ್ಲಿ ಹೊಸ ಒರೆ ಮಾಡಿಸಿರಬೇಕು. ಪಣ ಕಟ್ಟು ಅಂದರೆ ಮಾತ್ರ ಕಟ್ಟಲ್ಲ.

ರೈನ್‌ದಡದ ಗೌಡ
ಈಗ ಎರಡನೇ ಕತ್ತಿ. ಬೆನ್ನು 'ಟಿ' ಥರ ಇಲ್ಲ, ಚಪ್ಪಟೆ. ಯೆಲ್ಮಾನ್ ಇಲ್ಲ. ಅಲಗಿನ ಉದ್ದಕ್ಕೂ ಇರೋ ಕಾಲುವೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರ. ಅಡ್ಡಪಟ್ಟಿಯ ಕೆಳಗೆ ಚರ್ಮದ ಬಿಲ್ಲೆ ಇತ್ತು, ಒಣಗಿ ತಾನೇ ಬಿದ್ದುಹೋಯಿತು (ನಾನು ಮುಟ್ಟಲಿಲ್ಲ, ಪ್ರಮಾಣ!). ಅದರ ಕೆಳಗೆ ಅಲಗಿನಲ್ಲಿ ಲ್ಯಾಟಿನ್ ಅಕ್ಷರ ಇವೆ. ಮೊದಲಿನವು ತುಕ್ಕಲ್ಲಿ ಹೋಗಿವೆ, ಕೊನೆಗೆ "...ಇಂಗೆನ್" ಅಂತ ಇದೆ.

ಹಳೇಕತ್ತಿ
ಹಹಹ. ಸೋಲಿಂಗೆನ್!

ಮೈಸೂರು ಪಾಕ
ಟ್ಯೂಬಿಂಗೆನ್ ಕೂಡ ಇಂಗೆನ್ ತಾನೆ? ಗ್ಯೋಟಿಂಗೆನ್? ನಮ್ಮಣ್ಣ ಅಲ್ಲೇ ಓದಿದ್ದು.

ಹಳೇಕತ್ತಿ
ಅಲ್ಲಿ ಡಾಕ್ಟರೇಟ್ ಮಾಡ್ತಾರೆ, ಸೋಲಿಂಗೆನ್‌ನಲ್ಲಿ ಕತ್ತಿ ಮಾಡ್ತಾರೆ. ನೀವು ಹೇಳಿದ ಸಿಪ್ಪೆ ಏಳುವ ಲೇಪ ನಿಕ್ಕಲ್ ಇರಬೇಕು. ಕತ್ತಿಗೆ ನಿಕ್ಕಲ್ ಹಾಕೋದು 19ನೇ ಶತಮಾನದ ಕೊನೆಯ ಭಾಗದ ರೂಢಿ. ಅಬ್ದುಲ್ ಹಮೀದನ ಕಾಲದಲ್ಲಿ ಸೈನ್ಯವನ್ನು ತಿದ್ದೋಕೆ ಜರ್ಮನಿಯ ಅಧಿಕಾರಿಗಳೇ ಹೋಗಿದ್ದರು, ಫಾನ್ ಡೆರ್ ಗೋಲ್ಟ್ಸ್ ಹೋದದ್ದು 1883ರಲ್ಲಿ. ಬಂದೂಕು ಜರ್ಮನಿಯ ಮೌಸರ್ ಕಂಪನಿಯದು, ಕತ್ತಿ ಸೋಲಿಂಗೆನ್‌ದು. ಇಲ್ಲಿಂದ ಹೋಗಿ, ಅಲ್ಲಿ ಯಾರದೋ ಸೊಂಟದಲ್ಲಿ ನೇತಾಡಿ, ಕಂಬಳಿಯಲ್ಲಿ ಸುತ್ತಿಕೊಂಡು ವಾಪಸ್ ಜರ್ಮನಿಗೇ ಬಂದಿದೆ.

ರೈನ್‌ದಡದ ಗೌಡ
ನನ್ನ ಮನೆಯಿಂದ ಸೋಲಿಂಗೆನ್‌ಗೆ ರೈಲಲ್ಲಿ ಎರಡೂವರೆ, ಮೂರು ಗಂಟೆ!

ಹಳೇಕತ್ತಿ
ಹೋಗಿ ಬನ್ನಿ. ಅಲ್ಲಿ ಹಳೇ ಮಠದ ಕಟ್ಟಡದಲ್ಲಿ ಕತ್ತಿ ಚೂರಿಗಳದೇ ಮ್ಯೂಸಿಯಂ ಇದೆ, ಕ್ಲಿಂಗೆನ್‌ಮ್ಯೂಸಿಯಂ. ಮುದ್ರೆಯ ಫೋಟೋ ಕಳಿಸಿ ಕೇಳಬಹುದು. ಯಾತಗಾನ್‌ಗೆ ನಿಮ್ಮೂರಿನ ಬಾಡಿಶೆಸ್ ಲಾಂಡೆಸ್‌ಮ್ಯೂಸಿಯಂ ಇದೆಯಲ್ಲ. 17ನೇ ಶತಮಾನದಲ್ಲಿ 'ಟರ್ಕಿ ಲೂಯಿ' ಅಂತ ಹೆಸರಾದ ಬಾಡೆನ್ ದೊರೆಯ ಕಾಲದ ಟರ್ಕಿ ಲೂಟಿ ಪೂರಾ ಅವರ ಹತ್ತಿರ ಇದೆ. ಸಂಗ್ರಹದ ಚಿತ್ರಗಳು ಅಂತರ್ಜಾಲದಲ್ಲೂ ಸಿಗುತ್ತವೆ. ನೀವು ಸಮುದ್ರದ ಪಕ್ಕ ಕೂತು ಉಪ್ಪು ಎಲ್ಲಿ ಅಂತ ಕೇಳ್ತಿದ್ದೀರಿ.

ಉಕ್ಕಿನ ಮನುಷ್ಯ
ಹಾಗಾದರೆ ಈಗ ಕ್ಲೀನ್ ಮಾಡೋದು ಹೇಗೆ? ಅದೇ ಹೇಳಲಿಲ್ಲವಲ್ಲ ಯಾರೂ.

ಹಳೇಕತ್ತಿ
ಆದಷ್ಟು ಕಡಿಮೆ. ಕಿತ್ತಳೆ ಬಣ್ಣದ ಪುಡಿ ತುಕ್ಕು ಮಾತ್ರ ಜೀವಂತ, ಅದನ್ನು ತೆಗೆಯಬೇಕು. ಕಪ್ಪು ಕಂದು ಬಣ್ಣಕ್ಕೆ ತಿರುಗಿದ್ದು ಗಟ್ಟಿಯಾಗಿ ಕೂತಿದೆ, ಅದು ಕವಚ ಇದ್ದ ಹಾಗೆ, ಬಿಡಿ. ತೆಳುವಾದ ಮಷಿನ್ ಎಣ್ಣೆ ಹಚ್ಚಿ ಎರಡು ದಿನ ಬಿಡಿ. ಆಮೇಲೆ ಬಿದಿರು ಕಡ್ಡಿ ಚೂಪು ಮಾಡಿ ಮೆಲ್ಲಗೆ ಕೆರೆಯಿರಿ. ಬಿದಿರು ಉಕ್ಕಿಗಿಂತ ಮೆತ್ತಗೆ, ಗೀರು ಬೀಳಲ್ಲ. ಬರಹ ಇರೋ ಕಡೆ ಬರೀ ಹತ್ತಿ. ಸಾಹಿಬ್ ಮುಂದಿನ ಹೆಸರು ಓದಬೇಕು ಅಂತ ಆಸೆಗೆ ಬಿದ್ದು ಅಲ್ಲಿ ಕೆರೆಯಬೇಡಿ. ಎಕ್ಸ್‌ರೇ ತೆಗೆಯುವ ಪ್ರಯೋಗಾಲಯ ಸಿಕ್ಕಿದರೆ ತುಕ್ಕಿನ ಕೆಳಗಿನ ಬೆಳ್ಳಿ ಹಾಗೇ ಕಾಣುತ್ತೆ.

ಬೆಳ್ಳಿಗೆ ಅದ್ದುವ ದ್ರಾವಣ ಬೇಡವೇ ಬೇಡ, ಸವಾತ್ ಕರಗಿಹೋಗುತ್ತೆ. ಕೊನೆಗೆ ಅಲಗಿಗೆ ಮ್ಯೂಸಿಯಂನವರು ಬಳಸುವ ಮೇಣ ತೆಳುವಾಗಿ ಹಚ್ಚಿ. ಕತ್ತಿಯನ್ನು ಒರೆಯೊಳಗೆ ಇಡಬೇಡಿ, ಪಕ್ಕದಲ್ಲಿ ಇಡಿ. ಚರ್ಮದ ಒರೆ ತೇವ ಹಿಡಿದಿಟ್ಟುಕೊಳ್ಳುತ್ತೆ. ಮುಟ್ಟುವಾಗ ಕೈಗವಸು.

ಮೈಸೂರು ಪಾಕ
ಹುಣಸೆಹಣ್ಣು?

ಹಳೇಕತ್ತಿ
ಸಾರಿಗೆ ಹಾಕಿ ಮೇಡಂ.

ರೈನ್‌ದಡದ ಗೌಡ
ಮೂರು ವಾರದ ಮೇಲೆ ಬರುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಯಜಮಾನರ ಹತ್ತಿರ ಹೋಗಿ 1793 ತಪ್ಪು, 1842 ಸರಿ ಅಂತ ಹೇಳಬೇಕಾಯಿತು. ಜಾನಿಸರಿ ಅಲ್ಲ ಅಂದಾಗ ಮುಖ ಸಣ್ಣಗಾಯಿತು. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಅವರ ತಾಯಿ ಒಳಗಿಂದ ಏನೋ ಹೇಳಿದರು, ಎಲ್ಲರೂ ನಕ್ಕರು. ಏನು ಅಂತ ಕೇಳಿದೆ. "ನಾನು ಜಾನಿಸರಿ ಅಂತ ಯಾವತ್ತೂ ಹೇಳಿರಲಿಲ್ಲ, ಇವರಪ್ಪನೇ ಕಾಫಿ ಅಂಗಡಿಯಲ್ಲಿ ಕೂತು ಹೇಳ್ತಿದ್ದದ್ದು" ಅಂದರಂತೆ.

ಸೋಲಿಂಗೆನ್‌ಗೆ ಫೋಟೋ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಯಾತಗಾನ್‌ಗೆ ಎಣ್ಣೆ, ಬಿದಿರು ಕಡ್ಡಿ, ಮೇಣ, ಅಷ್ಟೇ ಮಾಡಿದೆ. ಕಿತ್ತಳೆ ತುಕ್ಕು ಹೋಗಿದೆ. ಹೊಳೆಯಲ್ಲ. ಯಜಮಾನರು ನೋಡಿ "ಇನ್ನೂ ಶುರು ಮಾಡಿಲ್ವಾ?" ಅಂದರು.

ಗೋಳಗುಮ್ಮಟದ ಅಕ್ಕ
😄 ಸಾಹಿಬ್ ಮುಂದಿನ ಹೆಸರು?

ರೈನ್‌ದಡದ ಗೌಡ
ಮುಟ್ಟಿಲ್ಲ ಅಕ್ಕಾ. ತುಕ್ಕಿನ ಕೆಳಗೇ ಇದೆ. ಎಕ್ಸ್‌ರೇಗೆ ವಿಚಾರಿಸುತ್ತಿದ್ದೇನೆ.

ಕೊಡಗಿನ ಕಾಫಿ
ಆ ಟೂತ್‌ಪೇಸ್ಟ್ ಜಾಗ ಏನಾಯ್ತು?

ರೈನ್‌ದಡದ ಗೌಡ
ಹಾಗೇ ಇದೆ. ಬೆಳ್ಳಗೆ. ಕೆಳಗೆ ಚೀಟಿಯಲ್ಲಿ ನನ್ನ ಹೆಸರು, ತಾರೀಖು ಬರೆದಿಟ್ಟಿದ್ದೇನೆ.